ಘಾನಾ ದೇಶದ ನೆಲ, ಜನ, ಸರ್ಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾ ಅಂದ ತಕ್ಷಣ ನಮ್ಮಲ್ಲಿ ಅನೇಕರು ಅದೊಂದೇ ದೇಶ ಅನ್ನುವ ಹಾಗೆ ಮಾತಾಡುತ್ತಾರೆ. ಅಲ್ಲಿರುವುದು 54 ದೇಶ. ಅದರಲ್ಲಿ ಒಂದನ್ನು ಹಿಡಿದು, ಶಾಲೆ ಮಕ್ಕಳು, ಕೆಲಸಕ್ಕೆ ಹೊರಟವರು, ಸುಮ್ನೆ ಕುತೂಹಲ ಇರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು. ರಾಜರು, ಓಟು, ಜಮೀನಿನ ವಿಷಯ ಬಂದಾಗ ಮಾತ್ರ ಜಾಸ್ತಿ ಹೇಳಲೇಬೇಕು. ಘಾನಾದ ಸ್ವಾರಸ್ಯ ಇರುವುದೇ ಅಲ್ಲಿ.

ಘಾನಾ ಎಲ್ಲಿದೆ? ಎಷ್ಟು ದೊಡ್ಡದು?

ಪಶ್ಚಿಮ ಆಫ್ರಿಕಾದಲ್ಲಿ, ಗಿನಿ ಕೊಲ್ಲಿಯ ದಡದಲ್ಲಿ. ಪಶ್ಚಿಮಕ್ಕೆ ಐವರಿ ಕೋಸ್ಟ್, ಉತ್ತರಕ್ಕೆ ಬುರ್ಕಿನಾ ಫಾಸೊ, ಪೂರ್ವಕ್ಕೆ ಟೋಗೊ, ದಕ್ಷಿಣಕ್ಕೆ ಸಮುದ್ರ. ಸುತ್ತಲಿನ ಮೂರೂ ದೇಶಗಳನ್ನು ಕೊನೆಗೆ ಆಳಿದ್ದು ಫ್ರೆಂಚರು. ಘಾನಾ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಗಡಿ ದಾಟಿದರೆ ಆಡಳಿತದ ಭಾಷೆ, ನೋಟು, ಕಾನೂನು ಎಲ್ಲವೂ ಬೇರೆ. ಗಡಿಯ ಎರಡೂ ಕಡೆ ಇರುವ ನೆಂಟರು ಮಾತ್ರ ಅವರೇ.

ವಿಸ್ತೀರ್ಣ ಸುಮಾರು 2.38 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ್ದು 1.92 ಲಕ್ಷ. ಅಂದರೆ ನಮ್ಮ ರಾಜ್ಯಕ್ಕಿಂತ ಕಾಲು ಭಾಗ ದೊಡ್ಡದು. ಜನ ಮಾತ್ರ ಕಡಿಮೆ: 2021ರ ಜನಗಣತಿಯಲ್ಲಿ 3.08 ಕೋಟಿ. ರಾಜಧಾನಿ ಅಕ್ರಾ, ಎರಡನೇ ದೊಡ್ಡ ನಗರ ಕುಮಾಸಿ, ಉತ್ತರದ ದೊಡ್ಡ ಊರು ತಮಾಲೆ.

ಸೊನ್ನೆ ಡಿಗ್ರಿ ರೇಖಾಂಶ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಗ್ರೀನ್‌ವಿಚ್ ಗೆರೆ, ಅದು ಅಕ್ರಾ ಪಕ್ಕದ ಬಂದರು ಊರು ಟೆಮಾದ ಮೇಲೆ ಹಾದುಹೋಗುತ್ತದೆ. ಆದ್ದರಿಂದ ಅಲ್ಲಿನ ಗಡಿಯಾರ ನಮಗಿಂತ ಸರಿಯಾಗಿ ಐದೂವರೆ ಗಂಟೆ ಹಿಂದೆ.

ಇತಿಹಾಸದ ಪುಸ್ತಕದಲ್ಲಿ ಬರುವ ಘಾನಾ ಸಾಮ್ರಾಜ್ಯ ಇದೇನಾ?

ಅಲ್ಲ. ಆ ಸಾಮ್ರಾಜ್ಯ ಇದ್ದದ್ದು ಇಂದಿನ ಮಾರಿಟೇನಿಯಾ ಮತ್ತು ಮಾಲಿಯಲ್ಲಿ, ಇಲ್ಲಿಂದ ತುಂಬಾ ದೂರ. ಬ್ರಿಟಿಷರ ಕಾಲದಲ್ಲಿ ಈ ದೇಶದ ಹೆಸರು ಗೋಲ್ಡ್ ಕೋಸ್ಟ್. 1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಬಂದಾಗ, ಯುರೋಪಿನವರು ಇಟ್ಟ ಹೆಸರು ಬೇಡ ಅಂತ ಹಳೆಯ ಆಫ್ರಿಕನ್ ಸಾಮ್ರಾಜ್ಯದ ಹೆಸರು ತೆಗೆದುಕೊಂಡರು. ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಸ್ವತಂತ್ರವಾದ ಮೊದಲ ವಸಾಹತು ಇದು ಎಂದು ಹೇಳುವ ರೂಢಿ ಇದೆ. ಸುಡಾನ್ 1956ರಲ್ಲೇ ಸ್ವತಂತ್ರವಾಗಿತ್ತು. ಅದನ್ನು ಯಾವ ಗುಂಪಿಗೆ ಸೇರಿಸುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ.

ಮಳೆ, ಬೆಟ್ಟ, ಕಾಡು ಹೇಗೆ?

ಬೆಟ್ಟ ಅಷ್ಟಕ್ಕಷ್ಟೆ. ಅತಿ ಎತ್ತರದ ಅಫಾಜಾ ಬೆಟ್ಟವೇ 900 ಮೀಟರ್ ಮುಟ್ಟುವುದಿಲ್ಲ. ಮಳೆಯ ಲೆಕ್ಕ ಮಾತ್ರ ಸ್ವಾರಸ್ಯದ್ದು. ದಕ್ಷಿಣದಲ್ಲಿ ವರ್ಷಕ್ಕೆ ಎರಡು ಮಳೆಗಾಲ: ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡದು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಚಿಕ್ಕದು. ಉತ್ತರದಲ್ಲಿ ಒಂದೇ. ದೇಶದ ಬಡತನದ ನಕ್ಷೆಯನ್ನೂ ಮಳೆಯ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟರೆ ಬಹಳ ಮಟ್ಟಿಗೆ ಹೊಂದುತ್ತವೆ. ಕೋಕೋ, ಚಿನ್ನ, ಬಂದರು ಎಲ್ಲ ದಕ್ಷಿಣದಲ್ಲಿ. ಉತ್ತರದಲ್ಲಿ ಜೋಳ, ಸಜ್ಜೆ, ಗೆಣಸಿನ ಜಾತಿಯ ಯಾಮ್. ಬ್ರಿಟಿಷರೂ ಉತ್ತರವನ್ನು ಕೂಲಿಗಳನ್ನು ತರುವ ಜಾಗ ಅಂತಲೇ ನೋಡಿದ್ದರು. ಇವತ್ತಿಗೂ ಆ ಕಡೆಯ ಹೆಣ್ಣುಮಕ್ಕಳು ಅಕ್ರಾ, ಕುಮಾಸಿ ಮಾರುಕಟ್ಟೆಗಳಿಗೆ ಬಂದು ತಲೆಹೊರೆ ಹೊರುತ್ತಾರೆ. ಅವರನ್ನು ಕಯಾಯೇ ಅಂತ ಕರೆಯುತ್ತಾರೆ.

ಡಿಸೆಂಬರ್ ಹೊತ್ತಿಗೆ ಸಹಾರಾದಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸುತ್ತದೆ. ಧೂಳಿನಲ್ಲಿ ಸೂರ್ಯನೇ ಮಂಕಾಗುತ್ತಾನೆ, ತುಟಿ ಒಡೆಯುತ್ತದೆ. ಕುಮಾಸಿಯ ಹತ್ತಿರ ಬೋಸುಮ್ಟ್ವಿ ಎಂಬ ದುಂಡನೆಯ ಸರೋವರವಿದೆ. ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ಗುಂಡಿ ಅದು. ಮಹಾರಾಷ್ಟ್ರದ ಲೋಣಾರ್ ನೋಡಿದವರಿಗೆ ಅಂದಾಜು ಸಿಗುತ್ತದೆ, ಆದರೆ ಇದು ಅದಕ್ಕಿಂತ ಎಷ್ಟೋ ದೊಡ್ಡದು.

ವೋಲ್ಟಾ ಸರೋವರ ನಿಜವಾಗಿಯೂ ಪ್ರಪಂಚದಲ್ಲೇ ದೊಡ್ಡದಾ?

ಮನುಷ್ಯರು ಕಟ್ಟಿದ ಜಲಾಶಯಗಳಲ್ಲಿ, ಹರವಿನ ಲೆಕ್ಕದಲ್ಲಿ, ಹೌದು. ಸುಮಾರು 8,500 ಚದರ ಕಿಲೋಮೀಟರ್. ಹೆಚ್ಚೂಕಡಿಮೆ ನಮ್ಮ ಇಡೀ ಶಿವಮೊಗ್ಗ ಜಿಲ್ಲೆಯಷ್ಟು ಹರವು.

ಅಕೊಸೊಂಬೊ ಎಂಬಲ್ಲಿ ವೋಲ್ಟಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ ಇದು ಹುಟ್ಟಿತು. ಮೊದಲ ನಾಯಕ ಕ್ವಾಮೆ ಎನ್‌ಕ್ರುಮಾ ಅವರ ದೊಡ್ಡ ಕನಸು ಅದು. 1966ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಸುಮಾರು ಒಂದು ತಿಂಗಳಿಗೆ ಸೈನ್ಯ ಅವರನ್ನೇ ಕುರ್ಚಿಯಿಂದ ಇಳಿಸಿತು.

ನೀರು ತುಂಬಿದಾಗ ಸುಮಾರು 80,000 ಜನ ಊರು ಬಿಟ್ಟರು. ಮುಳುಗಿದ ಹಳ್ಳಿಗಳು 700ಕ್ಕೂ ಹೆಚ್ಚು. ಅವರನ್ನು 52 ಹೊಸ ಊರುಗಳಿಗೆ ಸಾಗಿಸಿದರು. ಲಿಂಗನಮಕ್ಕಿ, ಆಲಮಟ್ಟಿ ಕಂಡ ನಮಗೆ ಇದರ ಒಳಸಂಕಟ ವಿವರಿಸಬೇಕಾಗಿಲ್ಲ. ಹೊಸ ಮನೆ ಅರೆಬರೆ, ಹೊಸ ಹೊಲ ಸಾಲದು, ನಿಂತ ನೀರಿನಿಂದ ಬಸವನಹುಳು ಹರಡುವ ಬಿಲ್‌ಹಾರ್ಜಿಯಾ ಕಾಯಿಲೆ. ಕಡಿಯದೆ ಮುಳುಗಿಸಿದ ಮರಗಳ ಮೋಟುಗಳಿಗೆ ದೋಣಿ ತಗುಲಿ ಇಂದಿಗೂ ಜನ ಸಾಯುತ್ತಾರೆ. 2023ರಲ್ಲಿ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಕೆಳಗಿನ ಊರುಗಳ ಸಾವಿರಾರು ಜನ ಮತ್ತೆ ನಿರಾಶ್ರಿತರಾದರು.

ಇಷ್ಟಕ್ಕೆಲ್ಲ ಬಂದ ಕರೆಂಟಿನ ದೊಡ್ಡ ಪಾಲು ಬಹಳ ವರ್ಷ ಹೋಗಿದ್ದು ಟೆಮಾದಲ್ಲಿ ಅಮೆರಿಕದ ಕಂಪನಿಗಳು ನಡೆಸುತ್ತಿದ್ದ ಅಲ್ಯೂಮಿನಿಯಂ ಕಾರ್ಖಾನೆಗೆ, ಅದೂ ಅಗ್ಗದ ದರದಲ್ಲಿ. ಅಣೆಕಟ್ಟೇ ಬೇಡವಾಗಿತ್ತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ದೇಶಕ್ಕೆ ಬೆಳಕು ಬಂದಿದ್ದು ಅದರಿಂದಲೇ. ಆದರೆ ಒಪ್ಪಂದ ಮಾತ್ರ ಘಾನಾದ ಪರವಾಗಿರಲಿಲ್ಲ.

ಅಲ್ಲಿನ ಜನ ಯಾರು? ಯಾವ ಭಾಷೆ ಆಡುತ್ತಾರೆ?

ಒಂದು ಜನ, ಒಂದು ಭಾಷೆ ಅಂತಿಲ್ಲ. ಅಕಾನ್ ಗುಂಪಿನವರು ಹೆಚ್ಚು, ಸುಮಾರು ಶೇ. 46. ಅಸಾಂಟೆ, ಫಾಂಟೆ, ಅಕ್ಯೆಮ್ ಮುಂತಾದವರೆಲ್ಲ ಇದರೊಳಗೆ ಬರುತ್ತಾರೆ. ಉತ್ತರದಲ್ಲಿ ದಗೊಂಬಾ ಮತ್ತು ಅವರ ಹತ್ತಿರದ ಜನಗಳು ಸುಮಾರು ಶೇ. 18. ಪೂರ್ವದಲ್ಲಿ ಎವೆ ಜನ, ಅಕ್ರಾ ಸುತ್ತ ಗಾ ಜನ.

ಆಫೀಸು, ಕೋರ್ಟು, ಶಾಲೆಯಲ್ಲಿ ಇಂಗ್ಲಿಷ್. ಬೀದಿಯಲ್ಲಿ ಅಕಾನ್‌ನ ಟ್ವಿ. ಗಾ ಜನರ ಊರಾದ ಅಕ್ರಾದಲ್ಲೂ ಈಗ ಟ್ವಿಯೇ ಜಾಸ್ತಿ ಕೇಳಿಸುತ್ತದೆ, ಅದರ ಬಗ್ಗೆ ಗಾ ಜನರಿಗೆ ಅಸಮಾಧಾನವೂ ಇದೆ. ಬೆಂಗಳೂರಿನವರಿಗೆ ಈ ಗೊಣಗಾಟ ಹೊಸದಲ್ಲ, ಅಲ್ವಾ?

ಧರ್ಮದ ಲೆಕ್ಕದಲ್ಲಿ ಕ್ರೈಸ್ತರು ಶೇ. 71, ಮುಸ್ಲಿಮರು ಶೇ. 20ರಷ್ಟು. ಒಂದೇ ಮನೆಯಲ್ಲಿ ಎರಡೂ ಧರ್ಮದವರು ಇರುವುದು ಅಪರೂಪವಲ್ಲ. ಶನಿವಾರ ಬಂತೆಂದರೆ ಊರೂರಲ್ಲಿ ತಿಥಿ ಕಾರ್ಯ: ಕಪ್ಪು ಕೆಂಪು ಬಟ್ಟೆ, ಬ್ಯಾಂಡು, ಶಾಮಿಯಾನ, ನೂರಾರು ಜನರಿಗೆ ಊಟ. ಮದುವೆಗಿಂತ ಸಾವಿಗೆ ಖರ್ಚು ಜಾಸ್ತಿ ಅಂತ ಅವರೇ ನಗುತ್ತಾರೆ.

ಎಲ್ಲರ ಹೆಸರೂ ಕೋಫಿ, ಕ್ವಾಮೆ, ಅಮಾ ಅಂತಲೇ ಯಾಕೆ?

ಅದು ಹುಟ್ಟಿದ ವಾರದ ಹೆಸರು. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ, ಭಾನುವಾರದವನು ಕ್ವಾಸಿ. ಹೆಣ್ಣಾದರೆ ಶನಿವಾರಕ್ಕೆ ಅಮಾ, ಗುರುವಾರಕ್ಕೆ ಯಾ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಶುಕ್ರವಾರ ಹುಟ್ಟಿದವರು. ಇದು ಅಕಾನ್ ಜನರ ಪದ್ಧತಿ, ಸುತ್ತಲಿನವರಿಗೂ ಹಬ್ಬಿದೆ.

ನಮ್ಮ ಅಳಿಯಕಟ್ಟು ಅಲ್ಲೂ ಇದೆಯಂತೆ, ನಿಜವಾ?

ತುಳುನಾಡಿನವರು ಕೇಳುವ ಪ್ರಶ್ನೆ. ನಿಜ. ಅಕಾನ್ ಜನರಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಆ ಕುಲಕ್ಕೆ ಅಬುಸುವಾ ಅಂತ ಹೆಸರು. ಬಂಟರು, ಬಿಲ್ಲವರಲ್ಲಿ ‘ಬರಿ’ ಎಂಬ ತಾಯಿ ಕಡೆಯ ಕುಲ ಇದ್ದ ಹಾಗೆ. ಒಂದೇ ಅಬುಸುವಾದವರು ಮದುವೆ ಆಗುವಂತಿಲ್ಲ. ಹಳೆಯ ಕಟ್ಟಿನಲ್ಲಿ ಗಂಡಸು ಸತ್ತರೆ ಆಸ್ತಿ ಅವನ ಮಕ್ಕಳಿಗಲ್ಲ, ಒಡಹುಟ್ಟಿದವರಿಗೆ, ಆಮೇಲೆ ಅಕ್ಕತಂಗಿಯರ ಮಕ್ಕಳಿಗೆ. ಪಟ್ಟವೂ ಹಾಗೆಯೇ, ರಾಜನ ಮಗ ರಾಜನಾಗುವುದಿಲ್ಲ. ಎರಡು ನಾಡುಗಳ ನಡುವೆ ಹಳೆಯ ಸಂಬಂಧ ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬೇರೆ ಬೇರೆ ಕಡೆ ತಾವಾಗಿ ಬೆಳೆದ ಪದ್ಧತಿಗಳು ಇವು.

ಕಷ್ಟವೂ ಒಂದೇ. ಗಂಡನ ಜೊತೆ ಜೀವಮಾನ ಕೋಕೋ ತೋಟದಲ್ಲಿ ದುಡಿದ ಹೆಂಡತಿ, ಗಂಡ ಸತ್ತ ಮೇಲೆ ಬರಿಗೈಯಲ್ಲಿ ಹೊರಗೆ ಬರಬೇಕಾಗುತ್ತಿತ್ತು. 1985ರಲ್ಲಿ ಕಾನೂನು ತಂದು, ಉಯಿಲು ಬರೆಯದೆ ಸತ್ತವನ ಮನೆ ಮತ್ತು ಮನೆಸಾಮಾನು ಹೆಂಡತಿ ಮಕ್ಕಳಿಗೆ, ಉಳಿದ ಆಸ್ತಿಯಲ್ಲೂ ದೊಡ್ಡ ಪಾಲು ಅವರಿಗೇ ಎಂದು ಮಾಡಿದರು. ಕುಟುಂಬದ ಜಮೀನಿಗೆ ಮಾತ್ರ ಈ ಕಾನೂನು ಹತ್ತುವುದಿಲ್ಲ. ಜಗಳಗಳೆಲ್ಲ ಅಲ್ಲೇ ಹುಟ್ಟುವುದು: ಈ ಹೊಲ ಅವನು ದುಡಿದು ಕೊಂಡದ್ದಾ, ಕುಟುಂಬದ್ದಾ?

ಪ್ರಜಾಪ್ರಭುತ್ವ ಅಂತೀರಿ, ರಾಜರು ಇನ್ನೂ ಯಾಕಿದ್ದಾರೆ?

ಸಂವಿಧಾನವೇ ಅವರನ್ನು ಕಾಪಾಡಿದೆ. ಯಾರು ರಾಜ ಎಂದು ಒಪ್ಪುವ ಅಥವಾ ಒಪ್ಪದಿರುವ ಅಧಿಕಾರವನ್ನು ಪಾರ್ಲಿಮೆಂಟು ಯಾರಿಗೂ ಕೊಡುವಂತಿಲ್ಲ. ಬದಲಿಗೆ ರಾಜರು ಪಕ್ಷ ರಾಜಕೀಯಕ್ಕೆ ಇಳಿಯುವಂತಿಲ್ಲ. ಚುನಾವಣೆಗೆ ನಿಲ್ಲಬೇಕಾದರೆ ಪಟ್ಟ ಬಿಡಬೇಕು. ಕುಮಾಸಿಯಲ್ಲಿ ರಾಜರದ್ದೇ ಒಂದು ರಾಷ್ಟ್ರೀಯ ಸಭೆ ಇದೆ.

ನಮ್ಮ ಮೈಸೂರು ಅರಸರ ಹಾಗೆ ಇವರು ಬರೀ ಗೌರವಕ್ಕೆ ಇರುವವರಲ್ಲ. ದೇಶದ ಸುಮಾರು ಶೇ. 80ರಷ್ಟು ನೆಲ ಇವತ್ತಿಗೂ ರಾಜಪೀಠಗಳ, ಕುಲಗಳ, ಕುಟುಂಬಗಳ ಕೈಯಲ್ಲಿದೆ. ದಕ್ಷಿಣದ ರಾಜರು ಮರದ ಪೀಠದ ಮೇಲೆ, ಉತ್ತರದವರು ಪ್ರಾಣಿಯ ಚರ್ಮದ ಮೇಲೆ ಕೂರುತ್ತಾರೆ. ಮನೆ ಕಟ್ಟಲು ಜಾಗ ಬೇಕೆಂದರೆ ಸರ್ಕಾರದ ಕಚೇರಿಗಿಂತ ಮೊದಲು ಹೋಗಬೇಕಾದದ್ದು ಇವರ ಹತ್ತಿರ. ನೆಲ ಇವರದ್ದಾದರೂ ಅದರ ಕೆಳಗಿನ ಚಿನ್ನ ಮಾತ್ರ ದೇಶದ್ದು. ಜನರ ಪರವಾಗಿ ಅಧ್ಯಕ್ಷರ ಹೆಸರಲ್ಲಿ ಇರುತ್ತದೆ. ವಿದೇಶಿಯರಿಗೆ ಭೂಮಿ ಸಿಗುವುದು ಹೆಚ್ಚೆಂದರೆ 50 ವರ್ಷದ ಗುತ್ತಿಗೆಗೆ.

ಎಲ್ಲರಿಗಿಂತ ಹೆಸರುವಾಸಿ ಕುಮಾಸಿಯ ಅಸಾಂಟೆಹೆನೆ. ಈಗಿನವರು ಒಟುಂಫುವೊ ಒಸೈ ಟುಟು II, 1999ರಿಂದ ಪಟ್ಟದಲ್ಲಿದ್ದಾರೆ. ಅಸಾಂಟೆ ಜನರ ಚಿನ್ನದ ಪೀಠದ ಮೇಲೆ ಯಾರೂ ಕೂರುವುದಿಲ್ಲ, ರಾಜನೂ ಕೂರುವುದಿಲ್ಲ. ಅದರಲ್ಲಿ ಇಡೀ ಜನಾಂಗದ ಜೀವ ಇದೆ ಎಂಬ ನಂಬಿಕೆ. 1900ರಲ್ಲಿ ಬ್ರಿಟಿಷ್ ಗವರ್ನರ್ ಅದನ್ನು ತನಗೆ ತಂದುಕೊಡಿ ಅಂದ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೇ ನಿಂತಳು. ಅಸಾಂಟೆಗಳು ಸೋತರು, ಪೀಠ ಮಾತ್ರ ಬ್ರಿಟಿಷರಿಗೆ ಸಿಗಲಿಲ್ಲ. ಅದಕ್ಕೂ ಮೊದಲಿನ ಯುದ್ಧಗಳಲ್ಲಿ ದೋಚಿದ ಚಿನ್ನದ ಕೆಲವು ಒಡವೆಗಳನ್ನು 2024ರಲ್ಲಿ ಲಂಡನ್ನಿನ ಮ್ಯೂಸಿಯಮ್‌ಗಳು ಕುಮಾಸಿಗೆ ಕಳಿಸಿದವು. ಕೊಟ್ಟಿದ್ದು ಸಾಲವಾಗಿ! ಕದ್ದ ಮಾಲನ್ನು ಮಾಲೀಕನಿಗೇ ಸಾಲ ಕೊಡುವ ಧೈರ್ಯ ಮೆಚ್ಚಬೇಕು.

ರಾಜಮಾತೆ ಅಂದರೆ ರಾಜನ ತಾಯಿಯೇ ಆಗಿರಬೇಕಿಲ್ಲ, ಅಕ್ಕನೋ ಚಿಕ್ಕಮ್ಮನೋ ಆಗಿರಬಹುದು. ಹೊಸ ರಾಜನ ಹೆಸರು ಸೂಚಿಸುವ ಹಕ್ಕು ಅವಳದ್ದು. ಕೆಟ್ಟ ರಾಜನನ್ನು ಪೀಠದಿಂದ ಇಳಿಸುವ ಪದ್ಧತಿಯೂ ಇದೆ.

ಈ ವ್ಯವಸ್ಥೆಯ ಬಲ, ದೌರ್ಬಲ್ಯ ಎರಡನ್ನೂ ನೋಡಬೇಕಾದರೆ ಉತ್ತರದ ದಗ್ಬೊನ್ ರಾಜ್ಯದ ಕಥೆ ಸಾಕು. ಅಲ್ಲಿ ಎರಡು ಮನೆತನಗಳ ಪಟ್ಟದ ಜಗಳದಲ್ಲಿ 2002ರಲ್ಲಿ ರಾಜನನ್ನೇ ಕೊಂದುಹಾಕಿದರು. ಕೋರ್ಟು, ವಿಚಾರಣಾ ಆಯೋಗಗಳಿಂದ ಬಗೆಹರಿಯಲಿಲ್ಲ. ಕೊನೆಗೆ ಅಸಾಂಟೆಹೆನೆ ಮುಂದಾಳಾಗಿದ್ದ ಮೂವರು ರಾಜರ ಸಮಿತಿ ರಾಜಿ ಮಾಡಿಸಿ, 2019ರಲ್ಲಿ ಹೊಸ ರಾಜ ಪಟ್ಟಕ್ಕೆ ಬಂದರು.

ಹಾಗಾದರೆ ಸರ್ಕಾರ ನಡೆಸುವುದು ಯಾರು?

ಜನರೇ ನೇರವಾಗಿ ಆರಿಸುವ ಅಧ್ಯಕ್ಷರು. ನಾಲ್ಕು ವರ್ಷದ ಅವಧಿ, ಎರಡೇ ಬಾರಿ. ಅರ್ಧಕ್ಕಿಂತ ಹೆಚ್ಚು ಓಟು ಬೇಕು, ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು. ಪಾರ್ಲಿಮೆಂಟಿಗೆ ಒಂದೇ ಸದನ, 276 ಸೀಟು. ನಮ್ಮಂತೆ ಪ್ರಧಾನಿ ಇಲ್ಲ. ಆದರೆ ಅಮೆರಿಕದಂತೆಯೂ ಅಲ್ಲ: ಮಂತ್ರಿಗಳಲ್ಲಿ ಹೆಚ್ಚಿನವರನ್ನು ಪಾರ್ಲಿಮೆಂಟ್ ಸದಸ್ಯರಿಂದಲೇ ತೆಗೆದುಕೊಳ್ಳಬೇಕು ಅಂತ 1992ರ ಸಂವಿಧಾನ ಹೇಳುತ್ತದೆ. ಇದು ನನಗೆ ಕಾಣುವ ದೊಡ್ಡ ಲೋಪ. ಮಂತ್ರಿ ಆಗುವ ಆಸೆ ಇರುವ ಸದಸ್ಯ ಅಧ್ಯಕ್ಷರನ್ನು ಪ್ರಶ್ನೆ ಮಾಡುತ್ತಾನಾ?

ಪಕ್ಷಗಳು ಹಲವು, ಲೆಕ್ಕಕ್ಕೆ ಬರುವವು ಎರಡು: ಎನ್‌ಡಿಸಿ ಮತ್ತು ಎನ್‌ಪಿಪಿ. ಎವೆ ಜನರ ವೋಲ್ಟಾ ಪ್ರಾಂತ್ಯ ಎನ್‌ಡಿಸಿಯ ಕೋಟೆ, ಅಸಾಂಟೆ ಪ್ರಾಂತ್ಯ ಎನ್‌ಪಿಪಿಯದ್ದು. ನಡುವೆ ಇರುವ ಜನ ಗೆಲುವು ಸೋಲು ತೀರ್ಮಾನಿಸುತ್ತಾರೆ. 1992ರಿಂದ ಈಚೆಗೆ ಯಾವ ಪಕ್ಷವೂ ಸತತ ಮೂರು ಸಲ ಅಧ್ಯಕ್ಷ ಪದವಿ ಗೆದ್ದಿಲ್ಲ. 2001, 2009, 2017, 2025 – ಎಂಟೆಂಟು ವರ್ಷಕ್ಕೆ ಸರ್ಕಾರ ಬದಲಾಗಿದೆ.

2008ರಲ್ಲಿ ಎರಡನೇ ಸುತ್ತಿನ ಅಂತರ ಶೇ. 1ಕ್ಕಿಂತ ಕಡಿಮೆ, ಆದರೂ ಸೋತವರು ಕುರ್ಚಿ ಬಿಟ್ಟರು. 2012ರಲ್ಲಿ ಅಧ್ಯಕ್ಷ ಮಿಲ್ಸ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅದೇ ದಿನ ಉಪಾಧ್ಯಕ್ಷ ಮಹಾಮಾ ಪ್ರಮಾಣವಚನ ತೆಗೆದುಕೊಂಡರು. 2020ರಲ್ಲಿ ಪಾರ್ಲಿಮೆಂಟಿನಲ್ಲಿ ಎರಡೂ ಪಕ್ಷಕ್ಕೆ 137–137, ಒಬ್ಬ ಪಕ್ಷೇತರ. ಸ್ಪೀಕರ್ ಸ್ಥಾನ ವಿರೋಧ ಪಕ್ಷಕ್ಕೆ ಹೋಯಿತು. ಆ ಆಯ್ಕೆ ನಡೆದ 2021ರ ಜನವರಿಯ ರಾತ್ರಿ ಸದನದಲ್ಲಿ ನೂಕಾಟ, ಮತಪತ್ರ ಕಿತ್ತುಕೊಂಡು ಓಡುವುದು, ಸೈನಿಕರು ಒಳಗೆ ಬರುವುದು ಎಲ್ಲ ನಡೆಯಿತು. 2024ರ ಡಿಸೆಂಬರ್‌ನಲ್ಲಿ ಆಡಳಿತ ಪಕ್ಷದ ಬಾವುಮಿಯಾ ಅಧಿಕೃತ ಘೋಷಣೆಗೆ ಮೊದಲೇ ಸೋಲೊಪ್ಪಿಕೊಂಡರು. ಜಾನ್ ಮಹಾಮಾ ಎರಡನೇ ಬಾರಿಗೆ ಅಧ್ಯಕ್ಷರಾದರು. ಉಪಾಧ್ಯಕ್ಷೆ ಜೇನ್ ನಾನಾ ಒಪೊಕು-ಅಗ್ಯೆಮಾಂಗ್, ಆ ಹುದ್ದೆಗೆ ಬಂದ ಮೊದಲ ಮಹಿಳೆ.

ಮೊದಲಿನಿಂದಲೂ ಇಷ್ಟು ಶಾಂತವಾಗಿತ್ತಾ?

ಇಲ್ಲವೇ ಇಲ್ಲ. ಎನ್‌ಕ್ರುಮಾ ಜೈಲಿನಲ್ಲಿದ್ದೇ 1951ರ ಚುನಾವಣೆ ಗೆದ್ದವರು. ಆಮೇಲೆ ಅವರೇ ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನು ತಂದರು, 1964ರಲ್ಲಿ ಒಂದೇ ಪಕ್ಷದ ದೇಶ ಮಾಡಿದರು. 1966ರಲ್ಲಿ ಅವರು ಚೀನಾದ ಕಡೆ ಪ್ರವಾಸದಲ್ಲಿದ್ದಾಗ ದಂಗೆ ಆಯಿತು. ಮತ್ತೆ ದೇಶಕ್ಕೆ ಬರಲಾಗಲಿಲ್ಲ. 1972ರಲ್ಲಿ, 1979ರಲ್ಲಿ, 1981ರಲ್ಲಿ ಮತ್ತೆ ದಂಗೆ. 1979ರಲ್ಲಿ ವಾಯುಪಡೆಯ ಅಧಿಕಾರಿ ಜೆರ್ರಿ ರಾಲಿಂಗ್ಸ್ ಕಾಲದಲ್ಲಿ ಮೂವರು ಮಾಜಿ ಮಿಲಿಟರಿ ಆಡಳಿತಗಾರರಿಗೆ ಗುಂಡಿಕ್ಕಿದರು. ಅದೇ ರಾಲಿಂಗ್ಸ್ 1992ರಲ್ಲಿ ಚುನಾವಣೆ ನಡೆಸಿ, ಎರಡು ಅವಧಿ ಮುಗಿಸಿ, 2001ರಲ್ಲಿ ಎದುರಾಳಿ ಪಕ್ಷಕ್ಕೆ ಅಧಿಕಾರ ಕೊಟ್ಟು ಮನೆಗೆ ಹೋದರು. ಅವರನ್ನು ಪೂಜಿಸುವವರೂ ಶಪಿಸುವವರೂ ಇವತ್ತಿಗೂ ಸಮಸಮ.

ಪ್ರಾಂತ್ಯ, ಜಿಲ್ಲೆ ಎಷ್ಟು?

16 ಪ್ರಾಂತ್ಯ, 261 ಜಿಲ್ಲೆ. 2018ರವರೆಗೆ ಹತ್ತೇ ಪ್ರಾಂತ್ಯ ಇತ್ತು, ಜನಮತ ಪಡೆದು ಆರು ಹೆಚ್ಚಿಸಿದರು. ಜಿಲ್ಲೆಯ ಮುಖ್ಯಸ್ಥರನ್ನು ಜನ ಆರಿಸುವುದಿಲ್ಲ, ಅಧ್ಯಕ್ಷರು ಹೆಸರಿಸುತ್ತಾರೆ. ಜಿಲ್ಲಾ ಸಭೆಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಕಾಗದದ ಮೇಲಾದರೂ.

ಇಷ್ಟು ಚಿನ್ನ ಇದ್ದೂ ಸಾಲ ಯಾಕೆ?

ಆಫ್ರಿಕಾದಲ್ಲೇ ಹೆಚ್ಚು ಚಿನ್ನ ತೆಗೆಯುವ ದೇಶ ಘಾನಾ, ಕೋಕೋದಲ್ಲಿ ಪ್ರಪಂಚಕ್ಕೇ ಎರಡನೆಯದು ಎಂಬ ಹೆಸರು. 2010ರಿಂದ ಸಮುದ್ರದ ತೈಲವೂ ಇದೆ. ಕೆಜಿಎಫ್‌ನಲ್ಲಿ ಬ್ರಿಟಿಷರು ಸುರಂಗ ತೋಡುತ್ತಿದ್ದ ಕಾಲದಲ್ಲೇ, 1897ರಲ್ಲಿ, ಒಬುವಾಸಿಯ ಗಣಿಯೂ ಶುರುವಾಯಿತು. ಕೆಜಿಎಫ್ ಮುಚ್ಚಿತು, ಒಬುವಾಸಿ ಇನ್ನೂ ನಡೆಯುತ್ತಿದೆ. ಆದರೆ ಮೂರೂ ಕಚ್ಚಾ ಮಾಲು. ಬೆಲೆ ಕಟ್ಟುವವರು ಹೊರಗಿನವರು. ಚುನಾವಣೆ ವರ್ಷ ಬಂದರೆ ಸರ್ಕಾರ ಕೈ ಬಿಚ್ಚಿ ಖರ್ಚು ಮಾಡುತ್ತದೆ. 2022ರ ಡಿಸೆಂಬರ್‌ನಲ್ಲಿ ವಿದೇಶಿ ಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಐಎಂಎಫ್‌ನಿಂದ 300 ಕೋಟಿ ಡಾಲರ್ ನೆರವು ಒಪ್ಪಂದ ಆಯಿತು.

ಇನ್ನೊಂದು ಗಾಯ ಗಲಾಮ್ಸೆ, ಅಂದರೆ ಪರವಾನಗಿ ಇಲ್ಲದ ಚಿನ್ನದ ಅಗೆತ. ಪಾದರಸ, ಕೆಸರು ಸೇರಿ ಪ್ರಾ, ಅಂಕೋಬ್ರಾ ನದಿಗಳ ನೀರು ಕೆಂಪಗೆ ರಾಡಿಯಾಗಿದೆ. ಕೋಕೋ ತೋಟವನ್ನೇ ಅಗೆಯಲು ಕೊಡುವ ರೈತರಿದ್ದಾರೆ. ಎರಡೂ ಪಕ್ಷಗಳು ನಿಲ್ಲಿಸುತ್ತೇವೆ ಅನ್ನುತ್ತವೆ. ಅಗೆಯುವವರಿಗೂ ಓಟಿದೆ.

ಕರ್ನಾಟಕಕ್ಕೂ ಘಾನಾಕ್ಕೂ ಏನಾದರೂ ನಂಟಿದೆಯಾ?

ಇದೆ, ಗೋಡಂಬಿಯಲ್ಲಿ. ಮಂಗಳೂರು ಸುತ್ತಲಿನ ಕಾರ್ಖಾನೆಗಳಿಗೆ ಊರಿನ ಬೀಜ ಸಾಲದು, ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಕಚ್ಚಾ ಬೀಜ ಬರುತ್ತದೆ. ಘಾನಾದ ಬೋನೊ ಕಡೆಯ ತೋಟಗಳ ಬೀಜದ ಬಹುಪಾಲು ಭಾರತ ಮತ್ತು ವಿಯೆಟ್ನಾಮ್‌ಗೆ ಹೋಗುತ್ತದೆ. ಅಲ್ಲೇ ಸುಲಿದು ತಿರುಳು ಮಾರಬೇಕೆಂಬುದು ಘಾನಾದವರ ಬಹಳ ದಿನದ ಆಸೆ. ಅದು ಕೈಗೂಡಿದರೆ ನಮ್ಮ ಕರಾವಳಿಯ ಕಾರ್ಖಾನೆಗಳ ಲೆಕ್ಕ ಬದಲಾಗುತ್ತದೆ.

ಭಾರತದ ಜೊತೆಗಿನ ನಂಟು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಗೋಲ್ಡ್ ಕೋಸ್ಟ್‌ನ ಸೈನಿಕರು ಭಾರತಕ್ಕೆ ಬಂದು, ಬರ್ಮಾದಲ್ಲಿ ಕಾದಾಡಿದರು. ಊರಿಗೆ ಮರಳಿದ ಮೇಲೆ ಪಿಂಚಣಿ ಸಿಗಲಿಲ್ಲ. 1948ರ ಫೆಬ್ರುವರಿ 28ರಂದು ಕೇಳಲು ಹೊರಟ ಮೆರವಣಿಗೆಯ ಮೇಲೆ ಗುಂಡು ಹಾರಿ ಮೂವರು ಮಾಜಿ ಸೈನಿಕರು ಸತ್ತರು. ಸ್ವಾತಂತ್ರ್ಯ ಹೋರಾಟಕ್ಕೆ ಕಿಚ್ಚು ಹತ್ತಿದ್ದು ಆಗಲೇ. ಅಕ್ರಾದ ಸೇನಾ ಕೇಂದ್ರಕ್ಕೆ ಇಂದಿಗೂ ಬರ್ಮಾ ಕ್ಯಾಂಪ್ ಅಂತಲೇ ಹೆಸರು.

ಅಧ್ಯಕ್ಷರ ಭವನ ಜುಬಿಲಿ ಹೌಸ್ ಕಟ್ಟಲು ಭಾರತ ಸಾಲ ಕೊಟ್ಟಿತ್ತು. ಎಲ್ಲವೂ ಸಿಹಿಯಲ್ಲ. 2016ರಲ್ಲಿ ಘಾನಾ ವಿಶ್ವವಿದ್ಯಾಲಯದಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆಯನ್ನು 2018ರಲ್ಲಿ ತೆಗೆದರು. ದಕ್ಷಿಣ ಆಫ್ರಿಕಾದ ದಿನಗಳಲ್ಲಿ ಗಾಂಧೀಜಿ ಕರಿಯರ ಬಗ್ಗೆ ಬರೆದ ಕೆಲವು ಮಾತುಗಳಿಗೆ ಅಲ್ಲಿನ ಅಧ್ಯಾಪಕರ ಆಕ್ಷೇಪ ಇತ್ತು. ನಮಗೆ ನೋವಾಗಬಹುದು, ಆದರೆ ಅವರು ಮುಂದಿಟ್ಟಿದ್ದು ಗಾಂಧೀಜಿ ತಾವೇ ಬರೆದ ಸಾಲುಗಳನ್ನು.

ಊಟ ನಮಗೆ ಹಿಡಿಸುತ್ತಾ?

ಮುದ್ದೆ ತಿನ್ನುವವರಿಗೆ ಕಷ್ಟವಿಲ್ಲ. ಮರಗೆಣಸು, ಬಾಳೆಕಾಯಿ ಬೇಯಿಸಿ ಒನಕೆಯಲ್ಲಿ ಕುಟ್ಟಿದ ಫುಫುವನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುತ್ತಾರೆ, ಥೇಟ್ ಮುದ್ದೆಯ ಹಾಗೆ. ಕಡಲೆಕಾಯಿ ಸಾರು ರುಚಿ. ಅಕ್ಕಿ, ಅಲಸಂದೆ ಕಾಳು ಸೇರಿಸಿ ಜೋಳದ ಎಲೆಯ ಜೊತೆ ಬೇಯಿಸಿದ ವಾಚೆ ಬೆಳಗಿನ ತಿಂಡಿ. ಸಸ್ಯಾಹಾರಿಗಳು ಎಚ್ಚರ: ಬರೀ ತರಕಾರಿ ಅಂದ ಸಾರಿನಲ್ಲೂ ಒಣಮೀನು ಇರುತ್ತದೆ.

ಹೋಗುವವರು ಮೊದಲು ಏನು ನೋಡಿಕೊಳ್ಳಬೇಕು?

ಹಳದಿ ಜ್ವರದ ಲಸಿಕೆ. ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಂಡು, ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಇಡಿ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಊರೊಳಗೆ ಓಡಾಡಲು ಟ್ರೊಟ್ರೊ ಎಂಬ ಹಂಚಿಕೊಂಡು ಹೋಗುವ ವ್ಯಾನುಗಳಿವೆ, ಕಂಡಕ್ಟರನಿಗೆ ಮೇಟ್ ಅನ್ನುತ್ತಾರೆ. ದುಡ್ಡು ಕೊಡುವಾಗ ಎಡಗೈ ಚಾಚಬೇಡಿ. ಅಲ್ಲೂ ಅದು ಅವಮರ್ಯಾದೆ. ಲಸಿಕೆ ಕಾರ್ಡನ್ನು ಭಾರತಕ್ಕೆ ವಾಪಸ್ ಬರುವಾಗಲೂ ಕೇಳುತ್ತಾರೆ, ಅಲ್ಲಿ ತಲುಪಿದ ಮೇಲೆ ಎಸೆಯಬೇಡಿ.